ವಿಭೂತಿ ಹಚ್ಚಿದ ಫುಟ್‌ಬಾಲ್

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ. ಏಳನೇ ಕ್ಲಾಸಿನ ಹಾಜರಿಗೆ "ಬಂದೀನಿ ಸಾರ್" ಎಂದು ಕೂಗಿ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮತ್ತೆ ಈ ಕಡೆ ನೋಡುವಷ್ಟರಲ್ಲಿ ದಾವಣಗೆರೆಯ ಅಂಚಿನ ಆನೆಕೊಂಡ ದಾಟಿದ್ದೆ. ಆಮೇಲೆ ಲಾರಿ ಕ್ಲೀನರ್ ಆದೆ, ಹೋಟೆಲ್ ಸಪ್ಲೈಯರ್ ಆದೆ, ಎಲ್ಲೂ ಬೇರು ಬಿಡಲಿಲ್ಲ. ಆದರೆ ನಗುವಂಥದ್ದು ಏನಾದರೂ ನಡೆಯಬೇಕಿದ್ದರೆ ಅದು ನಾನು ಬಂದು ಸೇರುವ ತನಕ ಕಾದು ಕೂತಿರುತ್ತದೆ. ತೊಂಬತ್ತರ ದಶಕದ ಕೊನೆಗೆ ಹರಿಹರದ ಪಕ್ಕ ಗುತ್ತೂರಿನ ಒಂದು ಪಂಪ್ ಫ್ಯಾಕ್ಟರಿಯ ಪ್ಯಾಕಿಂಗಿಗೆ ಟೆಂಪರರಿ ಆಗಿ ಸೇರಿದೆ. ಅಲ್ಲೂ ಹಾಗೇ ಆಯಿತು.

ಎಷ್ಟು ಪಾಳಿ?

ಒಂದು ದಿನ ಮ್ಯಾನೇಜರ್ ಎಲ್ಲರನ್ನೂ ಗೇಟಿನ ಹತ್ತಿರ ನಿಲ್ಲಿಸಿ, "ನಮ್ಮ ಮಾಲೀಕರು ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್ ಕೊಂಡಿದ್ದಾರೆ" ಎಂದರು. ಮಾಲೀಕರೆಂದರೆ ಮುಂಬೈ ಕಡೆಯ ಸೇಠು. ನಾವು ಕಂಡದ್ದು ಗೋಡೆಯ ಫೋಟೋದಲ್ಲಿ ಮಾತ್ರ.

"ಅಲ್ಲಿ ಎಷ್ಟು ಪಾಳಿ ಸಾರ್?" ಎಂದ ನಮ್ಮ ಮೇಸ್ತ್ರಿ.

"ಪಾಳಿ ಇಲ್ಲಪ್ಪ. ಹನ್ನೊಂದು ಜನ, ವಾರಕ್ಕೊಂದು ಆಟ, ಒಂದೂವರೆ ತಾಸು."

"ಪಗಾರ?"

"ಲಕ್ಷಗಟ್ಟಲೆ."

ಮೇಸ್ತ್ರಿ ಟೋಪಿ ತೆಗೆದು ಕೈಮುಗಿದ. "ನನ್ನನ್ನ ಅಲ್ಲಿಗೇ ಟ್ರಾನ್ಸ್‌ಫರ್ ಹಾಕ್ರಿ ಸಾರ್."

ಮ್ಯಾನೇಜರ್ ಅಸಲು ವಿಷಯಕ್ಕೆ ಬಂದರು. ಪರದೇಶದವನೊಬ್ಬ ಬಂದು ಕ್ಲಬ್ ಕೊಂಡನೆಂದು ಅಲ್ಲಿಯ ಜನ ಗೊಣಗುತ್ತಿದ್ದರಂತೆ. ಮಾಲೀಕರ ನಾಡಿನಲ್ಲೂ ಕ್ಲಬ್ಬಿಗೆ ಅಭಿಮಾನಿಗಳಿದ್ದಾರೆಂದು ತೋರಿಸಲು ಇಂಗ್ಲೆಂಡಿನಿಂದ ಒಬ್ಬ ಸಾಹೇಬರು ಕ್ಯಾಮೆರಾ ಹಿಡಿದು ಬರುತ್ತಾರಂತೆ. ಅವರು ಖುಷಿಯಾಗಿ ಹೋದರೆ ಟೆಂಪರರಿಗಳೆಲ್ಲ ಕಾಯಂ.

ಆ ಮಾತು ಕೇಳಿ ಪಕ್ಕದಲ್ಲಿದ್ದ, ನನ್ನ ಹಾಗೇ ಟೆಂಪರರಿಯಾಗಿದ್ದ ಗೆಳೆಯ ನನ್ನ ತೋಳು ಹಿಂಡಿದ. ದಾವಣಗೆರೆಯ ಸರಸ್ವತಿ ನಗರದಲ್ಲಿ ಅವನೊಂದು ಹುಡುಗಿಯನ್ನು ಒಪ್ಪಿದ್ದ. ಹುಡುಗಿಯೂ ಒಪ್ಪಿದ್ದಳು. ಅವಳಪ್ಪ ಮಾತ್ರ "ಕಾಯಂ ಆದ ಮ್ಯಾಲೆ ಬರ್ರಿ" ಅಂದುಬಿಟ್ಟಿದ್ದರು.

ಒಂಬತ್ತನೇ ನಂಬರು

ಕ್ಲಬ್ಬಿನ ಅಂಗಿಗಳು ಪೆಟ್ಟಿಗೆಗಟ್ಟಲೆ ಬಂದವು. ಎಲ್ಲವೂ ಅಲ್ಲಿಯವರ ಅಳತೆ. ನಮ್ಮ ಮೇಸ್ತ್ರಿಗೆ ಅದನ್ನು ಹಾಕಿಕೊಂಡರೆ ಪ್ಯಾಂಟಿನ ಅಗತ್ಯವೇ ಬೀಳುತ್ತಿರಲಿಲ್ಲ.

ಗೆಳೆಯ ಫಾರಿನ್ ಅಂಗಿ ಅಂತ ಹಿಗ್ಗಿ, ಅದನ್ನೇ ತೊಟ್ಟು ಸರಸ್ವತಿ ನಗರಕ್ಕೆ ಹೋದ. ಜೊತೆಗೆ ನಾನೂ ಇದ್ದೆ. ಹುಡುಗಿಯ ಅಪ್ಪ ಅವನನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಬೆನ್ನ ಮ್ಯಾಲೆ ಇದೇನಪ್ಪ ಒಂಬತ್ತು?"

"ಕಂಪನಿಯವರು ಕೊಟ್ಟ ನಂಬರು ಮಾವಾರೆ."

"ನಂಬರು ಜೈಲಿನಾಗೂ ಕೊಡ್ತಾರೆ. ಕಾಯಂ ಆಗೈತೋ ಇಲ್ಲೋ, ಅಷ್ಟು ಹೇಳು."

ಸೊನ್ನೆ

ಪ್ರತಿ ಸೋಮವಾರ ಆಟದ ಫಲಿತಾಂಶ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಮ್ಯಾನೇಜರ್ ಅದನ್ನು ಕ್ಯಾಂಟೀನಿನಲ್ಲಿ ಓದುತ್ತಿದ್ದರು. ನಾವು ಚಪ್ಪಾಳೆ ತಟ್ಟಬೇಕು. ಗೆದ್ದರೆ ಒಂದು ಮಿರ್ಚಿ ಜಾಸ್ತಿ. ಹೀಗಾಗಿ ನಮ್ಮ ಅಭಿಮಾನ ದಿನೇ ದಿನೇ ನಿಜವಾಗತೊಡಗಿತು.

ಒಂದು ವಾರ ಸೊನ್ನೆಗೆ ಸೊನ್ನೆ ಎಂದು ಬಂತು. ಮೇಸ್ತ್ರಿ ತಟ್ಟೆ ಕೆಳಗಿಟ್ಟ.

"ಎರಡೂ ಕಡೆಯವರು ಓಡಿ ಓಡಿ ಸೊನ್ನೆ ಮಾಡ್ಯಾರಾ? ನಾವು ಒಂದು ಪಾಳಿ ಸೊನ್ನೆ ಪಂಪ್ ತೆಗೆದ್ರೆ ನೀವು ಮೆಮೊ ಕೊಡ್ತೀರಿ. ಆ ಇಪ್ಪತ್ತೆರಡು ಜನಕ್ಕೂ ಮೆಮೊ ಕೊಡ್ರಿ ಸಾರ್!"

ಒದೆಯೋದು ಹೆಂಗೆ?

ಸಾಹೇಬರು ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ತಂಡದವರೆಲ್ಲ ಸಹಿ ಹಾಕಿದ ಒಂದು ಚೆಂಡು ತಂದಿದ್ದರು. ಕಂಪನಿ ಮಾಲು ಅಂದಮೇಲೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಲೇತ್ ಮಷೀನಿನ ಪಕ್ಕ ಅದನ್ನೂ ಇಟ್ಟು, ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದ. ಸಾಹೇಬರು ಫೋಟೋ ತೆಗೆದದ್ದೇ ತೆಗೆದದ್ದು. ಆಮೇಲೆ "ಈಗ ಆಡಿ" ಎಂದರು.

ಶೆಡ್ಡಿನ ಹಿಂದೆ ಎರಡು ಗುಂಪಾಗಿ ನಿಂತೆವು. ಚೆಂಡು ನಡುವೆ. ಒಬ್ಬನೂ ಕಾಲೆತ್ತಲಿಲ್ಲ.

ಮ್ಯಾನೇಜರ್ ಬೆವೆತರು. "ಯಾಕ್ರೋ?"

"ಪೂಜೆ ಆಗೈತೆ ಸಾರ್" ಎಂದ ಮೇಸ್ತ್ರಿ. "ಕಾಲು ತಾಗಿಸೋದು ಹೆಂಗೆ?"

"ಲಾರಿಗೂ ಪೂಜೆ ಮಾಡ್ತೀರಿ, ಓಡಿಸಲ್ವಾ?"

"ಓಡಿಸ್ತೀವಿ. ಒದೆಯಲ್ಲ."

ಸಾಹೇಬರು ಗಡಿಯಾರ ನೋಡಿಕೊಂಡರು. ಗೆಳೆಯನಿಗೆ ಸರಸ್ವತಿ ನಗರವೇ ಕೈಜಾರುತ್ತಿತ್ತು. ಅವನು ಮುಂದೆ ಬಂದು ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾಯ್ತು ತಂದೆ" ಎಂದವನೇ ಒದ್ದ.

ದಾರಿ ಸಿಕ್ಕಿತು. ಅಲ್ಲಿಂದ ಯಾರ ಕಾಲಿಗೆ ಚೆಂಡು ಬಂದರೂ ಮೊದಲು ನಮಸ್ಕಾರ, ಆಮೇಲೆ ಒದೆ. ಒಬ್ಬ ಕಣ್ಣಿಗೊತ್ತಿಕೊಳ್ಳುವಾಗ ಎದುರಾಳಿಗಳು ಕಸಿಯದೆ ಕೈಕಟ್ಟಿ ಕಾಯುತ್ತಿದ್ದರು. ಕೊನೆಗೆ ಗೆಳೆಯನ ಒದೆತಕ್ಕೆ ಚೆಂಡು ಮಾಲೆಯ ಸಮೇತ ಗೋಲಿನತ್ತ ಹಾರಿತು. ಗೋಲು ಕಾಯುತ್ತಿದ್ದ ಮೇಸ್ತ್ರಿ ತಡೆಯುವುದು ಬಿಟ್ಟು ಪಕ್ಕಕ್ಕೆ ಸರಿದು ಕೈಮುಗಿದ.

"ಹಿಡಿಯೋದಲ್ವೇನಯ್ಯ!" ಎಂದು ಮ್ಯಾನೇಜರ್ ಕೂಗಿದರು.

"ದೇವರು ಒಳಗೆ ಬರೋವಾಗ ಅಡ್ಡ ನಿಲ್ಲೋಕಾಗುತ್ತಾ ಸಾರ್?"

ಸಾಹೇಬರು ಬಿದ್ದು ಬಿದ್ದು ನಕ್ಕರು. ಆ ಫೋಟೋಗಳನ್ನು ನೋಡಿ ಅಲ್ಲಿಯ ಜನ, ಇಂಥ ಭಕ್ತರನ್ನು ಇಟ್ಟುಕೊಂಡ ಧಣಿ ಇರಲಿ ಬಿಡಿ ಎಂದರಂತೆ. ವಾರದೊಳಗೆ ಎಲ್ಲರಿಗೂ ಕಾಯಂ ಆರ್ಡರ್ ಬಂತು. ಗೆಳೆಯ ಆರ್ಡರನ್ನು ಕಣ್ಣಿಗೊತ್ತಿಕೊಂಡು ದಾವಣಗೆರೆ ಬಸ್ಸಿನ ಹಿಂದೆ ಓಡಿದ.

ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. "ಇನ್ನು ರಿಟೈರ್ ಆಗೋತನಕ ನಿನ್ನನ್ನ ಇಲ್ಲಿಂದ ಯಾರೂ ಅಲ್ಲಾಡಿಸೋಕಾಗಲ್ಲ."

ಸಂಜೆ ನಾನು ಕೋಣೆಯಲ್ಲಿ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಾಗ ಮೇಸ್ತ್ರಿ ಪೇಡಾ ಹಿಡಿದು ಬಂದ.

"ಏನೋ ತಮ್ಮ ಇದು? ಕಾಯಂ ಆಗೈತಲ್ಲೋ!"

"ಅದಕ್ಕೇ ಅಣ್ಣ" ಎಂದು ಚೀಲದ ಬಾಯಿ ಕಟ್ಟಿದೆ.