ಚೆಲುವರಾಜು ಆರಿಸಿದ ಕ್ಯಾಮೆರಾ

ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಚೆಲುವರಾಜುವಿಗೆ ಈ ಗತಿ ಬರುತ್ತಿರಲಿಲ್ಲ. ಎರಡು ತಿಂಗಳ ಹಿಂದೆ, ದಿನಾ ಸಂಜೆ ವರುಣಾ ಕೆರೆಯಲ್ಲಿ ಕಯಾಕ್ ದೋಣಿ ನಡೆಸುತ್ತೇನೆಂದು ಕಚೇರಿಯಲ್ಲಿ ಬುರುಡೆ ಬಿಟ್ಟಿದ್ದ. ಕ್ರೀಡೆ ಎಂದರೆ ಕರಗಿಹೋಗುವ ಮ್ಯಾನೇಜರ್ ಅನಂತಪದ್ಮನಾಭ, ಅಭ್ಯಾಸಕ್ಕೆಂದು ನಾಲ್ಕು ಗಂಟೆಗೇ ಹೊರಡಲು ಅವನಿಗೆ ಅನುಮತಿ ಕೊಟ್ಟಿದ್ದರು. ಈ ಮಹಾಶಯ ನೇರವಾಗಿ ದಟ್ಟಗಳ್ಳಿಯ ಮನೆಗೆ ಹೋಗಿ ಫ್ಯಾನಿನ ಕೆಳಗೆ ಅಡ್ಡಾಗುತ್ತಿದ್ದ. ನೀರೆಂದರೆ ಅವನಿಗೆ ಎಷ್ಟು ಭಯವೆಂದರೆ, ಸಂಪಿನ ಮುಚ್ಚಳ ತೆಗೆಯುವುದಕ್ಕೂ ಹೆಂಡತಿಯನ್ನೇ ಕರೆಯುತ್ತಿದ್ದ.

"ವಿಡಿಯೊ ತೋರ್ಸಿ ಸಾರ್" ಎಂದು ಸಹೋದ್ಯೋಗಿಗಳು ಬೆನ್ನು ಹತ್ತಿದರು.

"ಸರಿಯಾದ ಕ್ಯಾಮೆರಾ ಸಿಗ್ಲಿ ಇರಿ" ಎಂದು ನುಣುಚಿಕೊಂಡ. ಪಕ್ಕದ ಮೇಜಿನ ಸ್ವರೂಪ್ ದಿನಕ್ಕೊಂದು ಕ್ಯಾಮೆರಾ ಹುಡುಕಿ ಫೋನಿನಲ್ಲಿ ತೋರಿಸಿದರೆ, ಇವನು ದಿನಕ್ಕೊಂದು ಕೊಂಕು ತೆಗೆದ.

"ದೋಣಿ ಕುಣಿಯುತ್ತೆ ಕಣೋ, ಇದ್ರಲ್ಲಿ ಚಿತ್ರ ಅಲ್ಲಾಡ್ಬುಡುತ್ತೆ."

"ನೀರೊಳಗೂ ಸ್ಪಷ್ಟವಾಗಿ ಕಾಣ್ಬೇಕು ಕಣೋ."

"ಗಾಳಿ ಸದ್ದಲ್ಲಿ ಮಾತೇ ಕೇಳಲ್ವಲ್ಲೋ ಇದ್ರಲ್ಲಿ!"

ಹೀಗೇ ನಿವೃತ್ತಿಯವರೆಗೂ ಆರಿಸುತ್ತಲೇ ಇರಬಹುದೆಂದು ಅವನ ಎಣಿಕೆ.

ಶನಿವಾರ ಬೆಳಿಗ್ಗೆ ಕಚೇರಿಗೆ ಬಂದರೆ ಅನಂತಪದ್ಮನಾಭ ಒಂದು ಡಬ್ಬಿ ಹಿಡಿದು ನಿಂತಿದ್ದರು. "ನೀವು ಕೇಳಿದ ಮೂರು ಗುಣವೂ ಇದರಲ್ಲಿದೆ. ಎಲ್ಲಾ ಸೇರಿ ಕೊಡಿಸ್ತಿದ್ದೀವಿ. ಟೆಂಪೊ ಗೊತ್ತು ಮಾಡಿದ್ದೀವಿ, ಮಧ್ಯಾಹ್ನ ಕೆರೆಗೆ ಹೋಗೋಣ!"

ಚೆಲುವರಾಜು ಹೊಟ್ಟೆ ಹಿಡಿದುಕೊಂಡ. ಹೊಟ್ಟೆನೋವು ಎಂದ. ಗಾಳಿ ಕುಡಿದರೆ ಸರಿಹೋಗುತ್ತದೆಂದು ಎಳೆದುಕೊಂಡೇ ಹೋದರು.

ದಡದಲ್ಲಿ ಕ್ಯಾಮೆರಾ ಸಿಕ್ಕಿಸಿದ ಹೆಲ್ಮೆಟ್ಟನ್ನು ಅವನ ಕೈಗಿತ್ತರು. ತರಬೇತುದಾರ ಜವರಪ್ಪನನ್ನು ಬದಿಗೆ ಕರೆದು, "ನನ್ನ ಗುರುತಿದೆ ಅನ್ನಪ್ಪ" ಎಂದು ಬೇಡಿಕೊಂಡ. ಜವರಪ್ಪ ಮೀಸೆಯಲ್ಲೇ ನಕ್ಕ.

ಅಷ್ಟರಲ್ಲಿ ಟೈಪಿಸ್ಟ್ ಚಾಮುಂಡೇಶ್ವರಿ ಓಡಿ ಬಂದಳು. "ತಡೀರಿ! ಒಸಾ ವಸ್ತು, ಪೂಜೆ ಮಾಡ್ದೆ ಎಂಗೆ ನೀರಿಗಿಳಿಸ್ತೀರಾ?" ಬ್ಯಾಗಿನಿಂದ ಕುಂಕುಮ ತೆಗೆದು, ನೀರಲ್ಲಿ ಕಲಸಿ, ಕ್ಯಾಮೆರಾದ ಹಣೆ ಎಲ್ಲಿದೆಯೆಂದು ಹುಡುಕಿ, ಗುಂಡನೆಯ ಗಾಜಿನ ಮೇಲೇ ದಪ್ಪನಾಗಿ ಬೊಟ್ಟಿಟ್ಟಳು. ಉಳಿದವರೆಲ್ಲ ಕಣ್ಣು ಮುಚ್ಚಿ ಕೈಮುಗಿದಿದ್ದರು. ಗಾಜು ಮುಚ್ಚಿಹೋದದ್ದನ್ನು ಗಮನಿಸಿದವನು ಚೆಲುವರಾಜು ಒಬ್ಬನೇ. ಹೋದ ಜೀವ ಬಂದಂತಾಯಿತು! ಇನ್ನು ಏನೇ ಆದರೂ ವಿಡಿಯೊದಲ್ಲಿ ಯಾರಿಗೂ ಕಾಣುವುದಿಲ್ಲ.

ಆ ಧೈರ್ಯಕ್ಕೋ ಏನೋ, ಹೆಲ್ಮೆಟ್ ತಲೆಗೇರಿಸಿ ಜವರಪ್ಪನ ದೋಣಿಯ ಪಕ್ಕದಲ್ಲಿ ಹತ್ತು ನಿಮಿಷ ಸೊಗಸಾಗಿ ಹುಟ್ಟು ಹಾಕಿದ. ಅವನಿಗೇ ದಿಗ್ಭ್ರಮೆ. ಜೊಂಡಿನ ಮರೆಗೆ ಹೋದಾಗ ನೀರುಕಾಗೆಯೊಂದು ಪುರ್ರನೆ ಎದ್ದಿತು. ಬೆಚ್ಚಿದ ಚೆಲುವರಾಜು ದೋಣಿಸಮೇತ ಮಗುಚಿದ.

ದಡಕ್ಕೆ ಬಂದಾಗ ಬಟ್ಟೆಯೆಲ್ಲ ತೊಟ್ಟಿಕ್ಕುತ್ತಿದ್ದರೂ ಎದೆ ಮಾತ್ರ ಉಬ್ಬಿತ್ತು. "ಬೇಕಂತ್ಲೇ ಮೂರು ಪಲ್ಟಿ ಹೊಡ್ದೆ! ಇಪ್ಪತ್ತಡಿ ಆಳ!" ಎಂದು ಹೆಲ್ಮೆಟ್ಟನ್ನು ತಾನೇ, ಲ್ಯಾಪ್‌ಟಾಪ್ ತಂದಿದ್ದ ಸ್ವರೂಪನ ಕೈಗಿತ್ತ.

ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷ ಬರೀ ಕೆಂಪು.

"ಅಯ್ಯೋ, ನನ್ ಬೊಟ್ಟು!" ಚಾಮುಂಡೇಶ್ವರಿ ಕೆನ್ನೆಗೆ ಕೈಯಿಟ್ಟುಕೊಂಡಳು.

"ಓಗ್ಲಿ ಬುಡಿ, ನಿಮ್ಗೆ ನೋಡೋ ಪುಣ್ಯ ಇಲ್ಲ" ಎಂದು ಚೆಲುವರಾಜು ಉದಾರವಾಗಿ ಕ್ಷಮಿಸಿದ.

ಆಗ ದಬಕ್ಕನೆ ಸದ್ದಾಯಿತು. ಕೆರೆಯ ನೀರು ಕುಂಕುಮವನ್ನು ತೊಳೆದುಕೊಂಡು ಹೋಯಿತು. ಚಿತ್ರ ಒಂದಿಷ್ಟೂ ಅಲ್ಲಾಡಲಿಲ್ಲ. ನೀರೊಳಗೆ ಬಡಿಯುವ ಎರಡು ಕೈಗಳ ಉಂಗುರವೂ ಕಾಣುತ್ತಿತ್ತು. ಗಾಳಿಯ ನಡುವೆಯೂ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅವ್ವಾ, ಸತ್ತೆ! ದೋಣಿ ಹತ್ತಿದ್ದೇ ಇವತ್ತು ಕಣಪ್ಪ ಜವರಪ್ಪ, ಬದುಕ್ಸು!"

"ಸಾರ್, ಎದ್ ನಿಂತ್ಕೊಳಿ. ಸೊಂಟದ್ ಮಟ್ಟ ನೀರು."

ಚೆಲುವರಾಜು ಒದ್ದೆ ಅಂಗಿ ಹಿಂಡತೊಡಗಿದ. ಅನಂತಪದ್ಮನಾಭ ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು.

"ಚೆಲುವರಾಜು, ಕ್ಯಾಮೆರಾ ಆರಿಸೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ನಾಲ್ಕು ಗಂಟೆಯ ಅನುಮತಿ ಹಾಗೇ ಇರಲಿ. ಸೋಮವಾರದಿಂದ ದಿನಾ ಜವರಪ್ಪನವರ ಹತ್ತಿರ ಈಜು ಕಲೀರಿ. ಮಾರನೇ ದಿನ ಬೆಳಿಗ್ಗೆ ವಿಡಿಯೊ ನನಗೆ ತೋರಿಸಬೇಕು."

ಚಾಮುಂಡೇಶ್ವರಿಗೆ ಪಾಪ ಅನಿಸಿತು. ಹತ್ತಿರ ಬಂದು ಸಮಾಧಾನ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಕಣಣ್ಣ. ಸೋಮವಾರ ಬೊಟ್ಟು ಪಕ್ಕಕ್ಕಿಡ್ತೀನಿ."