ಹಿರಿಹಸುವಿಗಿಂತ ಮೊದಲೇ ಬಾಯಿಬಿಟ್ಟ ಅಲಾರಂ ಅವರಿಗೆ

ತಮಿಳುನಾಡಿನ ಕೊಂಬೈ ಕೆಳಬೀದಿಯಲ್ಲಿ, ನಮ್ಮ ಅಯ್ಯನಾರ್ ಚಿಕ್ಕಪ್ಪನ ಬಿಳಿ ಕಾರಿನೊಳಗೆ ಕಣ್ಣು ಮುಚ್ಚದೆ ಕಾವಲಿರುವ ಅಲಾರಂ ಅವರಿಗೆ, ಅದೇ ಬೀದಿಯ ಯುವಶ್ರೀ ದೂರದಿಂದಲೇ ಕೈಮುಗಿದು ಬರೆದುಕೊಳ್ಳುವುದು. ಹತ್ತಿರ ಬಂದು ಮುಗಿದರೆ ತಾವು ಕೂಗುತ್ತೀರಿ.

ಮಾನ್ಯರೇ,

ತಾವು ಕ್ಷೇಮವೆಂದು ಬೀದಿಗೆಲ್ಲ ಗೊತ್ತಿದೆ, ದಿನವೂ ತಾವೇ ತಿಳಿಸುತ್ತಿದ್ದೀರಿ. ಬೆಕ್ಕು ಬಾನೆಟ್ ಮೇಲೆ ಮಲಗಿದರೆ ತಿಳಿಸುತ್ತೀರಿ, ಯಾರದೋ ಮನೆಯ ಪಟಾಕಿಗೆ ತಿಳಿಸುತ್ತೀರಿ, ಗುಡುಗಿಗಂತೂ ಗುಡುಗಿಗಿಂತ ಮೊದಲೇ ತಿಳಿಸುವಷ್ಟು ಶ್ರದ್ಧೆ ತಮ್ಮದು.

ತಮ್ಮ ಸ್ವಭಾವವನ್ನು ತೇನಿಯ ಮೆಕ್ಯಾನಿಕ್ ಪಾಂಡಿ, ತಮ್ಮನ್ನು ಕಾರಿನಲ್ಲಿ ಕೂರಿಸಿದ ದಿನವೇ ವಿವರಿಸಿದ್ದರು. ಬೀಗ ಬಿದ್ದೊಡನೆ ತಾವು ಎಚ್ಚರಗೊಳ್ಳುತ್ತೀರಿ, ಬಾಗಿಲು ತೆರೆದರೆ ತಿಳಿಯಲು ಒಂದು ಸ್ವಿಚ್ಚು, ಮೈ ಅದುರಿದರೆ ತಿಳಿಯಲು ಒಂದು ಸೆನ್ಸರ್, ತಿಳಿದದ್ದನ್ನು ಊರಿಗೆ ಸಾರಲು ಸೈರನ್. ಅದುರಿಸಿದ್ದು ಕಳ್ಳನೋ ಕೋಳಿಯೋ ಎಂದು ವಿಚಾರಿಸುವ ಭಾಗ ಮಾತ್ರ ಇಲ್ಲ. ಸೆನ್ಸರಿನ ತಿರುಪನ್ನು ಸ್ವಲ್ಪ ತಗ್ಗಿಸಿದರೆ ಸಣ್ಣಪುಟ್ಟದ್ದಕ್ಕೆ ಕೂಗುವುದಿಲ್ಲ ಎಂದೂ ಅವರು ಹೇಳಿದರು. ಚಿಕ್ಕಪ್ಪ ಒಪ್ಪಲಿಲ್ಲ. "ಕಾಸು ಕೊಟ್ಟು ವಾಂಗಿದ್ದೀನಿ ತಂಬಿ, ಫುಲ್ಲಾ ತಿರುಗ್ಸು. ನಾಕು ಬೀದಿಗೆ ಕೇಳ್ಲಿ."

ಕೇಳುತ್ತಿದೆ. ಮೊದಮೊದಲು ಜನ ಉಂಡ ಕೈಯಲ್ಲೇ ಓಡಿ ಬರುತ್ತಿದ್ದರು, ಈಗ ಯಾರೂ ತಲೆ ಎತ್ತುವುದಿಲ್ಲ. ತಮ್ಮನ್ನು ಸುಮ್ಮನಾಗಿಸುವ ರಿಮೋಟ್ ಚಿಕ್ಕಪ್ಪನ ಸೊಂಟದಲ್ಲಿ ದ್ರಾಕ್ಷಿ ತೋಟಕ್ಕೆ ಹೋಗಿರುತ್ತದೆ, ಅಲ್ಲಿಂದ ಅದರ ಕೈ ಇಲ್ಲಿಗೆ ಎಟುಕದು. ನಿಜವಾದ ಕಳ್ಳನೇ ಬಂದರೆ ನಮ್ಮ ಬೀದಿಯವರು ಅವನಿಗೆ ಕಾಫಿ ಕೊಟ್ಟು, ದಯವಿಟ್ಟು ಬೇಗ ಹೊಡೆದುಕೊಂಡು ಹೋಗಪ್ಪಾ ಎಂದು ಕಳುಹಿಸಿಕೊಡುವುದರಲ್ಲಿ ಸಂದೇಹವಿಲ್ಲ. ತಾವು ಕೂಗಿ ಕೂಗಿ ಬ್ಯಾಟರಿ ಬರಿದಾದ ಬೆಳಿಗ್ಗೆ ಕಾರನ್ನು ತಳ್ಳಿದವರೂ ಅವರೇ.

ಇದನ್ನೆಲ್ಲ ಸಹಿಸಿಕೊಂಡೆ. ಕಳೆದ ಶುಕ್ರವಾರದ್ದನ್ನು ಸಹಿಸಲಾರೆ.

ನಮ್ಮ ಮನೆತನದಲ್ಲಿ ಸಂಬಂಧ ಗಟ್ಟಿಯಾಗುವುದು ದೇವರಿಗೆ ಬಿಟ್ಟ ಮಂದೆಯ ಹಿರಿಹಸುವನ್ನು ಕೇಳಿದ ಮೇಲೆಯೇ. ಹೆಣ್ಣಿನ ಕಡೆಯವರು ಕಬ್ಬಿನ ಜಲ್ಲೆ ಹಿಡಿದು ಉಸಿರೆತ್ತದೆ ನಿಲ್ಲಬೇಕು, ಹಸು ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕಿದರೆ ದೇವರ ಒಪ್ಪಿಗೆ. ಗಂಡು ಆ ಜಾಗದ ಸುತ್ತ ಸುಳಿಯಬಾರದು. ಅಂದು ಕೇಳಿದ್ದು ನನಗೂ ಒಡ್ಡನ್‌ಛತ್ರಂ ಸಂತೆಯಿಂದ ತರಕಾರಿ ಲಾರಿ ಓಡಿಸುವ ಸೂರ್ಯ ಅವರಿಗೂ. ಕಬ್ಬು ನನ್ನ ಕೈಯಲ್ಲೇ ಇತ್ತು. ಹಸು ಬಂತು, ಕತ್ತು ಚಾಚಿತು, ಅದರ ಬಿಸಿಯುಸಿರು ನನ್ನ ಬೆರಳಿಗೆ ತಾಗಿತು. ಆಗ ಪಕ್ಕದಲ್ಲೇ ನಿಂತಿದ್ದ ಕಾರಿನೊಳಗಿಂದ ತಾವು ಬಾಯಿಬಿಟ್ಟಿರಿ. ಹಸು ಹೋಯಿತು, ಅದರ ಹಿಂದೆ ಇಡೀ ಮಂದೆ ಹೋಯಿತು.

ಹಿರಿಯರಾದ ಮಾಯಾಂಡಿ ತಾತ ಟವೆಲ್ ಕೊಡವಿ, "ಸಾಮಿಗೆ ಸಮ್ಮದ ಇಲ್ಲೆ" ಎಂದರು. ನಮ್ಮ ರಾಜಮ್ಮಾಳ್ ಅಜ್ಜಿ ಬಿಡಲಿಲ್ಲ. "ಹಸು ಸೊಲ್ಲೋಕ್ ಮೊದ್ಲೆ ಕಾರು ಸೊಲ್ತು. ಮೊಮ್ಮಗಳ್ಗೆ ಕೇಳಿದ್ದು ಹಸೂನಾ, ಕಾರ್ನಾ?" ಚಿಕ್ಕಪ್ಪ ತಮ್ಮ ಪರ ನಿಂತರು: "ಅವ್ವಾ, ಅದ್ಕೂ ಕೋವಿಲ್‌ನಲ್ಲಿ ಪೂಜೆ ಆಗಿದೆ. ಸುಮ್ನೆ ಕೂಗ್ತದಾ?" ಕೊನೆಗೆ, ಬರುವ ಶುಕ್ರವಾರ ಇನ್ನೊಂದೇ ಸಲ ಕೇಳುವುದು, ಆಗಲೂ ಹಸು ತಿರುಗಿ ಹೋದರೆ ಈ ಮಾತು ಮುಗಿಯಿತು ಎಂದು ತೀರ್ಮಾನವಾಯಿತು.

ತಮ್ಮನ್ನು ಅದುರಿಸಿದ್ದು ಏನೆಂದು ನನಗೆ ಗೊತ್ತು. ಎಲ್ಲರ ಕಣ್ಣು ಹಸುವಿನ ಮೇಲಿದ್ದಾಗ ತಿರುವಿನಲ್ಲಿ ಟೊಮೇಟೊ ತುಂಬಿದ ಲಾರಿಯೊಂದು ನೆಲ ನಡುಗಿಸುತ್ತ ಬಂದು ನಿಂತಿತು. ಒಳಗಿಂದ ಸೂರ್ಯ ಅವರು ಇಣುಕಿ ನೋಡುತ್ತಿದ್ದರು. ಹೇಳಿದರೆ ಹುಡುಗನೇ ಅಪಶಕುನ ಎನ್ನುತ್ತಾರೆ. ಆದ್ದರಿಂದ ಅಪವಾದವನ್ನೆಲ್ಲ ತಮ್ಮ ಮೇಲೆಯೇ ಹೊರಿಸಿದ್ದೇನೆ. ತಮಗೆ ಮದುವೆಯಾಗಬೇಕಾದ ಅವಸರವಿಲ್ಲ.

ಬರುವ ಶುಕ್ರವಾರ ತಾವು ಗಂಟಲು ಕಟ್ಟಿಸಿಕೊಂಡರೆ ಉಪಕಾರವಾದೀತು. ಕೂಗಲೇಬೇಕೆಂದಿದ್ದರೆ ಹಸು ಕಬ್ಬನ್ನು ಕಚ್ಚಿ, ಅಗಿದು, ನುಂಗುವವರೆಗೆ ತಡೆಯಿರಿ. ಆಮೇಲೆ ದೀಪ ಮಿನುಗಿಸುತ್ತ ಮುಹೂರ್ತದವರೆಗೂ ಕೂಗಿ, ನಾದಸ್ವರದವರ ಖರ್ಚಾದರೂ ಉಳಿಯಲಿ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಧ್ವನಿಯ ಬಲವಂತದ ಶ್ರೋತೃ,
ಯುವಶ್ರೀ

ಮರೆತ ಮಾತು: ಲಾರಿ ಶುಕ್ರವಾರ ಒಡ್ಡನ್‌ಛತ್ರಂನಲ್ಲೇ ನಿಲ್ಲಲಿ ಎಂದು ಗೆಳತಿ ಅಭಿರಾಮಿಯ ಕೈಲಿ ಹೇಳಿ ಕಳಿಸಿದ್ದೆ. "ದೂರದಿಂದ ಪಾತ್ಕೊಂಡ್ ಹೋಗ್ತೀನಿ" ಎಂದು ಉತ್ತರ ಬಂದಿದೆ, ನೋಡದೆ ಇರಲಾರರಂತೆ. ಬಂದರೆ ತಾವು ಶ್ರಮ ತೆಗೆದುಕೊಳ್ಳಬೇಡಿ. ಈ ಸಲ ಕೂಗುವವಳು ನಾನು, ನನಗೆ ರಿಮೋಟ್ ಇಲ್ಲ.