ಗಿಣಿಯ ಕೊಕ್ಕು, ಕತ್ತರಿಯಣ್ಣನ ಮೀಸೆ

"ಆ ಡಾಕ್ಟರ ಕೈಗುಣ ಎಂಥದ್ದು ಅಂತೀರಿ! ಸಣ್ಣ ಅರ ಹಿಡಿದು ಕೊಕ್ಕು ಉಜ್ತಾ ಇದ್ರೆ ನಮ್ಮ ಗಿಣಿ ಕಣ್ಣು ಮುಚ್ಕೊಂಡು ಕೂತಿರುತ್ತೆ."

ಹೆಂಡತಿ ಹೇಳಿದ್ದು ಇಷ್ಟೇ. ಆದರೆ ಯಾರಿಗೆ ಹೇಳಿದಳು ಅನ್ನುವುದು ಮುಖ್ಯ. ಗಂಡ ಕ್ಷೌರದಂಗಡಿಯ ಯಜಮಾನ. ಬೀದಿಯವರೆಲ್ಲ ಕತ್ತರಿಯಣ್ಣ ಎಂದೇ ಕರೆಯುವ ಅವನ ಕೈಕೆಳಗೆ ಮಹಾ ಮುಂಗೋಪಿಗಳೂ ಬಾಯಿ ತೆರೆದು ನಿದ್ದೆ ಹೋಗಿದ್ದುಂಟು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಒಮ್ಮೆಯೂ ಕೈಗುಣದ ಮಾತೆತ್ತಿರಲಿಲ್ಲ. ಈಗ ಎತ್ತಿದ್ದಳು, ಅದೂ ಇನ್ನೊಬ್ಬನ ಕೈಯದ್ದು.

ಗಿಣಿಯ ಮೇಲ್ಕೊಕ್ಕು ಕುಡುಗೋಲಿನಂತೆ ಬೆಳೆದು, ಕಾಳು ಒಡೆಯಲಾಗದೆ ಅದು ಒದ್ದಾಡತೊಡಗಿದಾಗ ಅವಳು ಹಕ್ಕಿ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದಳು. ಅಂದಿನಿಂದ ತಿಂಗಳಿಗೊಮ್ಮೆ ಪಂಜರ ಎತ್ತಿಕೊಂಡು ಹೊರಡುವುದು ರೂಢಿಯಾಯಿತು. ಹೊರಡುವ ಮುನ್ನ ಅಂಗಡಿಗೆ ಬಂದು ತಲೆ ಬಾಚಿಕೊಳ್ಳುತ್ತಿದ್ದಳು. ಗಂಡನ ಕನ್ನಡಿಯಲ್ಲಿ, ಗಂಡನ ಬಾಚಣಿಗೆಯಲ್ಲಿ! ಕತ್ತರಿಯಣ್ಣನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

"ನಾಳೆ ಡಾಕ್ಟರ ಹತ್ರ ಹೋಗ್ಬೇಕು. ಹೋದ ಸಲ ಅವರೇನಂದ್ರು ಗೊತ್ತಾ? ಇನ್ಮೇಲೆ..."

ಅವತ್ತು ಬೆಳಿಗ್ಗೆ ಅಂಗಡಿಗೆ ಬಂದ ಹೆಂಡತಿ ಮಾತು ಮುಗಿಸುವ ಮೊದಲೇ ಕತ್ತರಿಯಣ್ಣ ರೇಡಿಯೋ ಜೋರು ಮಾಡಿದ. ಡಾಕ್ಟರು ಅನ್ನುವ ಮಾತು ಕಿವಿಗೆ ಬಿದ್ದರೆ ಅವನ ಕೈ ತಾನಾಗಿ ರೇಡಿಯೋದ ಕಡೆ ಹೋಗುತ್ತಿತ್ತು.

ಹೆಂಡತಿ ನಿಟ್ಟುಸಿರು ಬಿಟ್ಟಳು. "ಸಾಯಂಕಾಲ ಬರ್ತೀನಿ. ಗಿಣಿಗೆ ಕಾಳು ಹಾಕೋದು ಮರೀಬೇಡಿ," ಎಂದು ತಂಗಿಯ ಮನೆಗೆ ಹೊರಟುಹೋದಳು.

ಕುರ್ಚಿಯಲ್ಲಿ ನಿವೃತ್ತ ಡ್ರಿಲ್ ಮಾಸ್ತರರು ಎರಡು ಕೆನ್ನೆಗೂ ನೊರೆ ಬಳಿಸಿಕೊಂಡು ಕೂತಿದ್ದರು. ಒಂದು ಕೆನ್ನೆ ಕೆರೆದು ಮುಗಿಯುವಷ್ಟರಲ್ಲಿ ಮಹಡಿ ಮೇಲಿನ ಟೈಲರಕ್ಕ ಒಂದು ಪೊಟ್ಟಣ ಹಿಡಿದು ಇಳಿದು ಬಂದಳು.

"ತಗೊಳ್ಳಿ ಅಣ್ಣಾ, ನಿಮ್ಮ ಮನೆಯವರ ಹೊಸ ಬಟ್ಟೆ. ನಾಳೆ ಡಾಕ್ಟರ ಹತ್ರ ಹೋಗೋಕೆ ಬೇಕೇ ಬೇಕು ಅಂದಿದ್ರು. ಗಿಣಿಹಸಿರು ಬಣ್ಣ, ಎಷ್ಟು ಚೆನ್ನಾಗಿದೆ ನೋಡಿ!"

ಕತ್ತರಿಯಣ್ಣನ ಕೈಯಲ್ಲಿದ್ದ ಕ್ಷೌರದ ಕತ್ತಿ ನಿಂತಿತು. ಗಿಣಿ ತೋರಿಸಲು ಹೊಸ ಬಟ್ಟೆ ಯಾಕೆ? ತನ್ನ ಹತ್ತಿರ ತಲೆ ತೋರಿಸಲು ಬರುವವರೆಲ್ಲ ಹರಕು ಬನಿಯನ್ನಿನಲ್ಲೇ ಬರುತ್ತಾರಲ್ಲ!

ಮಾಸ್ತರರು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ಮನೇಲೇ ಕತ್ತರಿ ಇಟ್ಕೊಂಡು ಹಕ್ಕೀನ ಇನ್ನೊಬ್ಬನ ಹತ್ರ ಕಳಿಸ್ತೀಯಲ್ಲಯ್ಯಾ. ಊರವರು ಏನಂದಾರು?"

ಕತ್ತರಿಯಣ್ಣನಿಗೆ ಜ್ಞಾನೋದಯವಾದದ್ದು ಆಗಲೇ. ಇವತ್ತೇ ಕೊಕ್ಕು ಕತ್ತರಿಸಿಬಿಟ್ಟರೆ ನಾಳೆ ಡಾಕ್ಟರೂ ಇಲ್ಲ, ಗಿಣಿಹಸಿರೂ ಇಲ್ಲ. ಅವನು ಮಾಸ್ತರರನ್ನು ಅರ್ಧ ನೊರೆಯೊಂದಿಗೆ ಎಬ್ಬಿಸಿ ಬೆಂಚಿಗೆ ಕಳಿಸಿ, ಒಳಗಿನಿಂದ ಪಂಜರ ತಂದ. ಒಳಗೆ ಯಾವುದೋ ಮರದ ಕೊಂಬೆಯೊಂದು ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಸವೆದು ನೇತಾಡುತ್ತಿತ್ತು. "ಒಳಗೆಲ್ಲ ಕಸ ತುಂಬಿದಾಳೆ," ಎಂದು ಅದನ್ನು ಕಿತ್ತು ಕೂದಲಿನ ಬುಟ್ಟಿಗೆ ಎಸೆದ.

ಸಣ್ಣ ಮಕ್ಕಳನ್ನು ಕೂರಿಸುವ ಹಲಗೆಯನ್ನು ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಗಿಣಿಯನ್ನು ಕೂರಿಸಿ, ಬಿಳಿ ಬಟ್ಟೆ ಹೊದಿಸಿದ್ದಾಯಿತು. ಟೈಲರಕ್ಕ ಬಟ್ಟೆಯ ಮೇಲಿಂದ ಅದನ್ನು ಹಿಡಿದುಕೊಂಡಳು.

"ಹೇಗೆ ಮಾಡ್ಲಿ ಸಾರ್? ಸಣ್ಣಗಾ, ಮೀಡಿಯಮ್ಮಾ?" ಎಂದು ಕತ್ತರಿಯಣ್ಣ ಅಭ್ಯಾಸಬಲದಿಂದ ಕೇಳಿಯೇಬಿಟ್ಟ. ಗಿಣಿ ಒಂದೇ ಕಣ್ಣಿನಿಂದ ಅವನನ್ನು ದುರುಗುಟ್ಟಿ ನೋಡಿತು.

"ಸ್ವಲ್ಪ ಓರೆಯಾಗಿ ಕತ್ತರಿಸಿ, ಆಗ ಫಿಟಿಂಗ್ ಚೆನ್ನಾಗಿ ಬರುತ್ತೆ," ಎಂದಳು ಟೈಲರಕ್ಕ.

"ಹಾಗೆಲ್ಲ ಹೇಳಿ ಅವನ್ನ ಕೆಡಿಸ್ಬೇಡಮ್ಮಾ," ಎಂದು ಮಾಸ್ತರರು ಎದೆ ಸೆಟೆಸಿ ನಿಂತರು. "ನಾನು ಎಣಿಸ್ತೀನಿ. ತ್ರೀ ಅಂದಾಗ ಕತ್ತರಿಸು. ರೆಡಿ? ಒನ್!"

ಕತ್ತರಿಯಣ್ಣ ದೊಡ್ಡ ನೇಲ್ ಕಟರ್ ಹಿಡಿದು ಬಗ್ಗಿದ. ಅವನ ಮೀಸೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಎರಡೂ ತುದಿ ಹುರಿಮಾಡಿ ಮೇಲಕ್ಕೆ ತಿರುಗಿಸಿದ ಆ ಮೀಸೆಯೇ ಅಂಗಡಿಯ ಬೋರ್ಡು. ಅದನ್ನು ನೋಡಿಯೇ ಗಿರಾಕಿಗಳು ಒಳಗೆ ಬರುತ್ತಿದ್ದರು.

"ಟೂ!"

ಗಿಣಿ ತ್ರೀವರೆಗೆ ಕಾಯಲಿಲ್ಲ. ಬಲಗಡೆಯ ಮೀಸೆಯನ್ನು ಕಚ್ಚಿ ಹಿಡಿಯಿತು. ಕತ್ತರಿಯಣ್ಣ "ಅಯ್ಯಯ್ಯೋ!" ಎಂದು ಅರಚಿದ, ಕೈ ಬಿಗಿಯಿತು, ಟಕ್ ಎಂಬ ಸದ್ದಾಯಿತು.

"ತ್ರೀ," ಎಂದರು ಮಾಸ್ತರರು, ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದೆಂದು.

ಗಿಣಿ ಹಾರಿ ಕನ್ನಡಿಯ ಮೇಲೆ ಕೂತಿತು. ಬಲಮೀಸೆ ನೆಲದ ಮೇಲೆ ಬಿದ್ದಿತ್ತು. ಗಿಣಿಯ ಕೆಲಸ ಮಾತ್ರ ಬಹಳ ಅಚ್ಚುಕಟ್ಟು, ಕತ್ತರಿಯಣ್ಣನೇ ಮಾಡಿದ್ದರೂ ಅಷ್ಟು ನೀಟಾಗಿ ಬರುತ್ತಿರಲಿಲ್ಲ. ಆದರೆ ನೇಲ್ ಕಟರ್ ತಗುಲಿ ಗಿಣಿಯ ಕೊಕ್ಕಿನ ಒಂದು ಬದಿ ಚಕ್ಕೆ ಎದ್ದಿತ್ತು. ಅಲ್ಲಿಂದ ಒಂದು ಹನಿ ರಕ್ತ ಕನ್ನಡಿಯ ಮೇಲೆ ಇಳಿಯಿತು. ಅದನ್ನು ಕಂಡಾಗ ಅವನ ಹೊಟ್ಟೆಕಿಚ್ಚೆಲ್ಲ ಒಮ್ಮೆಗೇ ಆರಿತು. ಮಕ್ಕಳಿಲ್ಲದ ಮನೆಯಲ್ಲಿ ಆ ಗಿಣಿಯನ್ನು ಹೆಂಡತಿ ಹೇಗೆ ಸಾಕಿದ್ದಳೆಂಬುದು ಅವನಿಗೆ ಗೊತ್ತಿತ್ತು.

"ನೋಡ್ತಾ ನಿಂತ್ರೆ ಹೇಗೆ? ಡಾಕ್ಟರ ಹತ್ರ ನಡೀರಿ!" ಎಂದಳು ಟೈಲರಕ್ಕ.

ಯಾರ ಹತ್ತಿರ ಗಿಣಿ ಹೋಗಬಾರದೆಂದು ಇಷ್ಟೆಲ್ಲ ಮಾಡಿದನೋ ಅವರ ಮುಂದೆಯೇ, ಅರ್ಧ ಮೀಸೆಗೆ ಕರವಸ್ತ್ರ ಅಡ್ಡ ಹಿಡಿದು, ಕತ್ತರಿಯಣ್ಣ ಹೋಗಿ ನಿಲ್ಲಬೇಕಾಯಿತು. ಡಾಕ್ಟರು ಬೋಳು ತಲೆಯವರಾದರೂ ಆಗಿರಬಾರದೇ ಎಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದ. ಆಗಿರಲಿಲ್ಲ. ದಟ್ಟ ಕೂದಲು, ಕಿವಿಯ ಸುತ್ತ ಒಂದು ಎಳೆಯೂ ಆಚೀಚೆ ಇಲ್ಲದ ಕಟಿಂಗ್.

"ಯಾರ ಹತ್ರ ಮಾಡಿಸ್ತೀರಿ?" ತಡೆದುಕೊಳ್ಳುವ ಮೊದಲೇ ಪ್ರಶ್ನೆ ಬಾಯಿಂದ ಹೊರಬಿದ್ದಿತ್ತು.

"ಕಟಿಂಗಾ? ನಾನೇ ಮಾಡ್ಕೊಳ್ತೀನಿ, ಮನೇಲೇ," ಎಂದು ನಕ್ಕ ಡಾಕ್ಟರು ಗಿಣಿಯನ್ನು ಎತ್ತಿಕೊಂಡರು. ಔಷಧದ ಪುಡಿ ಒತ್ತಿ ರಕ್ತ ನಿಲ್ಲಿಸಿ, ಸಣ್ಣ ಅರದಿಂದ ಚಕ್ಕೆಯ ಅಂಚನ್ನು ಉಜ್ಜಿದರು. ಗಿಣಿ ಕಣ್ಣು ಮುಚ್ಚಿಕೊಂಡಿತು. ಹೆಂಡತಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದೇ ಅವನಿಗೆ ಹೆಚ್ಚು ಉರಿಯಿತು.

"ಇದು ಕೂದಲಲ್ಲ ಯಜಮಾನ್ರೇ, ಕೊಕ್ಕಿನೊಳಗೆ ರಕ್ತನಾಳ ಇರುತ್ತೆ. ಅಷ್ಟಕ್ಕೂ ಕತ್ತರಿಸೋಕೆ ಯಾಕೆ ಹೋದ್ರಿ? ಕೊಕ್ಕು ಸರಿಯಾಗೇ ಇತ್ತಲ್ಲ! ಮೆತ್ತಗಿನ ತಿಂಡಿ ಕಡಿಮೆ ಮಾಡಿ, ಪಂಜರದಲ್ಲಿ ಗಟ್ಟಿ ಕೊಂಬೆ ಕಟ್ಟಿ, ಕಚ್ಚಿ ಕಚ್ಚಿ ತಾನೇ ಸವೆಸ್ಕೊಳ್ಳುತ್ತೆ ಅಂತ ಹೋದ ಸಲವೇ ಹೇಳಿದ್ದೆ. ನಾಳೆ ಒಂದ್ಸಲ ನೋಡಿ, ಇನ್ಮೇಲೆ ಬರೋದೇ ಬೇಡ ಅಂತ ಕಳಿಸೋನಿದ್ದೆ."

ಕತ್ತರಿಯಣ್ಣ ಕರವಸ್ತ್ರವನ್ನು ಮೂಗಿನವರೆಗೂ ಏರಿಸಿಕೊಂಡ. "ಈಗ?"

"ಈಗ ಡೊಂಕಾಗಿ ಬೆಳೀದೆ ಇರೋಕೆ ವಾರ ವಾರ ಉಜ್ಜಬೇಕು. ಆರು ತಿಂಗಳಾದ್ರೂ ಬೇಕು."

ತಿಂಗಳಿಗೊಮ್ಮೆ ಇದ್ದದ್ದು, ನಾಳೆಗೆ ಮುಗಿಯಬೇಕಾಗಿದ್ದದ್ದು, ವಾರಕ್ಕೊಮ್ಮೆ ಆಯಿತು. ಬೇಲಿಯಲ್ಲಿ ಹೋಗುತ್ತಿದ್ದ ಓತಿಕ್ಯಾತವನ್ನು ಕತ್ತರಿಯಣ್ಣ ತಾನೇ ಕರೆದು ಮೈಮೇಲೆ ಬಿಟ್ಟುಕೊಂಡಿದ್ದ. ಆದರೂ ಬರುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು: ವಾರ ವಾರ ಗಿಣಿಯನ್ನು ತಾನೇ ಕರೆದೊಯ್ಯುವುದು. ಆ ಧೈರ್ಯದಲ್ಲಿ ಅಂಗಡಿಗೆ ಬಂದು, ಉಳಿದ ಅರ್ಧ ಮೀಸೆಯನ್ನೂ ಬೋಳಿಸಿಕೊಂಡ.

ಸಂಜೆ ಹೆಂಡತಿ ಎಲ್ಲ ಕೇಳಿ, ಗಿಣಿಯನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ಗಂಡನ ಮುಖ ನೋಡಿದಳು. "ನಾಳೆಗೇ ಎಲ್ಲ ಮುಗಿಯುತ್ತೆ ಅಂತ ಬೆಳಿಗ್ಗೆ ಹೇಳೋಕೆ ಬಂದಿದ್ದೆ. ನೀವು ರೇಡಿಯೋ ಜೋರು ಮಾಡಿದ್ರಿ."

"ಮತ್ತೆ ಆ ಹೊಸ ಬಟ್ಟೆ?"

"ನಾಳೆಗೆ ಡಾಕ್ಟರ ಕಾಟ ಮುಗೀತಿತ್ತಲ್ಲ, ಹಾಗೇ ನಿಮ್ಮನ್ನ ಕರ್ಕೊಂಡು ಹೊರಗೆಲ್ಲಾದ್ರೂ ಊಟಕ್ಕೆ ಹೋಗೋಣ ಅಂತಿದ್ದೆ. ಈ ಮುಖ ಇಟ್ಕೊಂಡು ಎಲ್ಲಿಗೆ ಬರ್ತೀರಿ?" ಎಂದು ಅವಳು ಡಾಕ್ಟರಿಗೆ ಫೋನು ಮಾಡಲು ಒಳಗೆ ಹೋದಳು.

ಬಹಳ ಹೊತ್ತು ಮಾತಾಡಿ ಹೊರಬಂದಳು. "ಡಾಕ್ಟರು ಇನ್ನೊಂದು ಮಾತು ಹೇಳಿದ್ರು..."

ಕತ್ತರಿಯಣ್ಣ ಮೊದಲ ಬಾರಿಗೆ ರೇಡಿಯೋ ಆರಿಸಿ, ಕಿವಿಗೊಟ್ಟು ಕೇಳಿದ.

"ಗಿಣಿ ತುಂಬಾ ಹೆದರಿದೆಯಂತೆ. ವಾರ ವಾರ ನೀವೇ ಬನ್ನಿ, ನಿಮ್ಮ ಯಜಮಾನರ ಕೈಲಿ ಮಾತ್ರ ಕಳಿಸ್ಬೇಡಿ ಅಂದ್ರು," ಎಂದು ಹೇಳಿ ಅವಳು ಅವನ ಬಾಚಣಿಗೆ ಎತ್ತಿಕೊಂಡಳು.